ಹೂವು ಅರಳುವ ಹೊತ್ತು, ಸಾಲಿ ಗಂಟೆಯ ಹೊತ್ತು

ನಮಸ್ಕಾರ. ಸಾಲಿ ತಪ್ಪಿಸಿ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಕೈಯಿಂದ ಪರಾಗ ಸೇರಿಸುವ ಕೆಲಸಕ್ಕೆ, ಹೋಗುವ ಹುಡುಗಿಯ ಹೆಬ್ಬೆರಳನ್ನು ಹತ್ತಿರದಿಂದ ನೋಡಿದ್ದೀರಾ? ಉಗುರು ಉದ್ದ ಬಿಟ್ಟಿರುತ್ತಾಳೆ. ಕೆಲಸಕ್ಕೆ ಅದೇ ಚಾಕು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಉಗುರಿನಿಂದ ಸೀಳಿ, ಎಸಳಿನ ಜೊತೆ ಪರಾಗದ ಭಾಗವನ್ನೂ ಸುಲಿದು ತೆಗೆಯಬೇಕು. ನಡುವಿನ ಎಳೇ ಕಡ್ಡಿಗೆ ಪೆಟ್ಟು ಬೀಳಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಪರಾಗ ಸವರಬೇಕು. ಹತ್ತಿ ಹೂವು ಒಂದು ದಿನದ್ದು. ಬಿಸಿಲು ಏರುವುದರೊಳಗೆ ಕೆಲಸ ಮುಗಿಯಬೇಕು. ಅಂದರೆ ಸಾಲಿಯಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಕರೆಯುವ ಹೊತ್ತಿಗೇ!

ಎರಡು ಹತ್ತಿ ಜಾತಿಗಳನ್ನು ಕೂಡಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿ 1972ರಲ್ಲಿ ಬಂದದ್ದು ನಮ್ಮ ಧಾರವಾಡದಿಂದಲೇ. ವಿಜ್ಞಾನಿ ಕಟರ್ಕಿಯವರ ಕೆಲಸ. ನನಗೆ ಅದರ ಬಗ್ಗೆ ನಿಜವಾಗಿ ಹೆಮ್ಮೆ ಇದೆ. ಆದರೆ ಇಂಥ ಹೈಬ್ರಿಡ್ ಬೀಜಕ್ಕೆ ಒಂದೊಂದು ಹೂವನ್ನೂ ಕೈಯಿಂದಲೇ ಮುಟ್ಟಬೇಕು. ಅಷ್ಟು ಕೈಗಳು ಬೇಕು. ಹಾವೇರಿ, ರಾಣೆಬೆನ್ನೂರು ಕಡೆಯ ಬೀಜದ ಹೊಲಗಳಿಗೆ ಮಕ್ಕಳು ಬಂದದ್ದು ಹೀಗೆ.

ಬಾಲಕಾರ್ಮಿಕ ಅಂದ ಕೂಡಲೇ ನಮಗೆ ಹೊಳೆಯುವುದು ಹುಬ್ಬಳ್ಳಿಯ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ, ಅಲ್ವಾ? ಅವನಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಅಧಿಕಾರಿಗಳು ಬರುತ್ತಾರೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ದುಡಿಯುತ್ತಿದ್ದ ಮಕ್ಕಳು ಸುಮಾರು 13.8 ಕೋಟಿ. ಅವರಲ್ಲಿ ಶೇಕಡಾ 61ರಷ್ಟು ಮಕ್ಕಳು ಬೇಸಾಯದ ಕೆಲಸದಲ್ಲಿದ್ದಾರೆ. 2000ದಲ್ಲಿ ಒಟ್ಟು ಸಂಖ್ಯೆ 24.6 ಕೋಟಿ ಇತ್ತು. ಇಷ್ಟು ಇಳಿದದ್ದು ಸಣ್ಣ ಮಾತಲ್ಲ. ಭಾರತವೂ 2017ರಲ್ಲಿ ಬಾಲಕಾರ್ಮಿಕರ ಬಗೆಗಿನ ಎರಡು ಮುಖ್ಯ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಹಿ ಹಾಕಿತು. 2025ರೊಳಗೆ ಬಾಲಕಾರ್ಮಿಕ ಪದ್ಧತಿಯನ್ನೇ ಮುಗಿಸುತ್ತೇವೆ ಅಂತ ಜಗತ್ತೇ ಮಾತು ಕೊಟ್ಟಿತ್ತು. ಆ ವರ್ಷವೂ ಹೋಯಿತು.

ನನ್ನ ಸಂಕಟ ಇಷ್ಟೇ. ಆ ಹುಡುಗಿಯ ಹೆಸರು ಸಾಲಿಯ ರಿಜಿಸ್ಟರಿನಲ್ಲಿದೆ! ದಾಖಲಾತಿ ಎಣಿಸಿದರೆ ಅವಳು ವಿದ್ಯಾರ್ಥಿನಿ. ಕ್ರಾಸಿಂಗ್ ಸೀಸನ್ನಿನಲ್ಲಿ ವಾರಗಟ್ಟಲೆ ಬರುವುದಿಲ್ಲ. ಮತ್ತೆ ಬಂದಾಗ ಗಣಿತ ಭಾಗಾಕಾರ ದಾಟಿ ಭಿನ್ನರಾಶಿಗೆ ಹೋಗಿರುತ್ತದೆ. ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಮುಂದಿನ ವರ್ಷ ಅದೂ ಇಲ್ಲ. ಇನ್ನು ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ಮನೆಯವರ ಹೊಲದಲ್ಲಿ ಸಾಲಿಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ ಮಕ್ಕಳು ಸಹಾಯ ಮಾಡಬಹುದು ಅನ್ನುತ್ತದೆ. ಹೂವು ಸಾಲಿ ಬಿಡುವ ತನಕ ಕಾಯುತ್ತದಾ? ಆ ಹೊಲ ಅವಳ ಮನೆಯದೇ ಅಂತ ಯಾರು ನೋಡುತ್ತಾರೆ?

ದಾರಿ ಇಲ್ಲ ಅಂತಲ್ಲ. ಪಕ್ಕದ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ಎಂಬ ಸಂಸ್ಥೆ 1991ರಿಂದ ಒಂದೇ ಮಾತು ಹಿಡಿಯಿತು: ಸಾಲಿಯ ಹೊರಗಿರುವ ಪ್ರತಿ ಮಗುವೂ ಕಾರ್ಮಿಕ ಮಗುವೇ. ಬಿಟ್ಟ ಪಾಠ ಕಲಿಸಲು ಶಿಬಿರ ಮಾಡಿದರು, ಇಡೀ ಊರನ್ನೇ ಜೊತೆಗೆ ತಂದರು. ಅದೇ ದಾರಿಯನ್ನು ಆಫ್ರಿಕಾದ ಕೆಲವು ಹಳ್ಳಿಗಳೂ ಹಿಡಿದವು.

ನಮ್ಮಲ್ಲಿ ಬೀಜ ಬೆಳೆಯುವ ರೈತನನ್ನು ಬೈದು ಪ್ರಯೋಜನ ಇಲ್ಲ. ಬೀಜದ ಕಂಪನಿ ಕೊಡುವ ರೇಟಿನಲ್ಲಿ ದೊಡ್ಡವರ ಪಗಾರ ಹೊಂದಬೇಕು. ಹೊಂದದಿದ್ದರೆ ಅವನು ಸಣ್ಣ ಕೈಗಳನ್ನೇ ಹುಡುಕುತ್ತಾನೆ. ಅವ್ವನಿಗೆ ಪೂರ್ತಿ ಪಗಾರ ಸಿಕ್ಕರೆ ಮಗಳನ್ನು ಹೊಲಕ್ಕೆ ಹೋಗುವ ಟಂಟಂ ಆಟೋ ಹತ್ತಿಸುವ ಅವಶ್ಯಕತೆ ಎಷ್ಟೋ ಕಡಿಮೆಯಾಗುತ್ತದೆ.

ಎಸ್‌ಡಿಎಂಸಿಯಲ್ಲಿ, ಅಂದರೆ ಸಾಲಿಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ, ಇರುವವರಿಗೆ ನನ್ನದೊಂದು ಕೇಳಿಕೆ. ಕ್ರಾಸಿಂಗ್ ಶುರುವಾದ ವಾರ ಬೆಳಿಗ್ಗೆ ಏಳಕ್ಕೆ ಟಂಟಂ ನಿಲ್ಲುವ ಜಾಗದಲ್ಲಿ ನಿಂತುಕೊಳ್ಳಿ. ಕೈಯಲ್ಲಿ ನಿಮ್ಮ ಸಾಲಿಯ ಹಾಜರಿ ಪುಸ್ತಕ ಇರಲಿ. ಹತ್ತುವ ಮಕ್ಕಳನ್ನು ಹೆಸರು ಹಿಡಿದು ಕೂಗಿ.