ಎಲ್ಲರ ಮನೆ ದೋಸೆಯ ತೂತು

ಕೇಳುಗರೆಲ್ಲರಿಗೂ ನಮಸ್ಕಾರ.

ಎಲ್ಲರ ಮನೆ ದೋಸೆಯೂ ತೂತೇ ಅಂತ ನಮ್ಮಲ್ಲಿ ಗಾದೆ ಇದೆ. ಯಾರ ಮನೆಯಲ್ಲಿ ಜಗಳವಾದರೂ, ಯಾರಿಗೆ ಸಾಲವಾದರೂ ಈ ಮಾತು ಹೇಳಿ ಸಮಾಧಾನ ಮಾಡುತ್ತೇವೆ. ಆದರೆ ತೂತನ್ನು ದೋಸೆಯ ಕೊರತೆ ಅಂದರೆ ನಾನು ಒಪ್ಪುವುದಿಲ್ಲ. ತೂತು ಬಿದ್ದರೇನೇ ದೋಸೆಗೆ ರುಚಿ. ಇವತ್ತು ಆ ತೂತಿನ ಬಗ್ಗೆಯೇ ಮಾತಾಡೋಣ.

ನಮ್ಮ ಕರಾವಳಿಯ ನೀರುದೋಸೆ ನೋಡಿ. ನೆನೆಸಿದ ಅಕ್ಕಿ, ಒಂದಿಷ್ಟು ತೆಂಗಿನತುರಿ, ಉಪ್ಪು, ಅಷ್ಟೇ. ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗಾಗುವ ತನಕ ನೀರು ಸೇರಿಸಬೇಕು. ಉದ್ದಿನ ದೋಸೆಯ ಹಾಗೆ ಸೌಟು ತಿರುಗಿಸಿ ಹರಡಲು ಇದು ಬಗ್ಗುವುದಿಲ್ಲ. ಕಾವಲಿಯ ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಎರೆಯುತ್ತಾ ಬರಬೇಕು. ಅಕ್ಕಿ ತಳಕ್ಕೆ ಇಳಿಯುತ್ತಿರುತ್ತದೆ. ಅದಕ್ಕೇ ಪ್ರತಿ ಸೌಟಿಗೂ ಮುಂಚೆ ಒಮ್ಮೆ ಕದಡಬೇಕು.

ನಮ್ಮಮ್ಮ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಸವರುತ್ತಿದ್ದರು. ಹಿಟ್ಟು ಬಿದ್ದ ಕೂಡಲೇ ಚುಂಯ್ ಅನ್ನಬೇಕು. ಅನ್ನದಿದ್ದರೆ ಕಾವಲಿ ಇನ್ನೂ ಕಾದಿಲ್ಲ ಅಂತ ಲೆಕ್ಕ. ಕಾವು ಸರಿಯಿದ್ದರೆ ಹಿಟ್ಟಿನ ನೀರು ಆವಿಯಾಗಿ ಮೇಲಕ್ಕೆ ನುಗ್ಗುತ್ತದೆ. ಆವಿ ಹೋದ ದಾರಿಯೇ ಆ ತೂತು. ಕಾವು ಕಡಿಮೆಯಾದರೆ ಹಿಟ್ಟು ಸುಮ್ನೆ ಕೂತುಬಿಡುತ್ತದೆ, ದೋಸೆ ಅಂಟಂಟಾಗುತ್ತದೆ. ಒಂದು ನಿಮಿಷ ಮುಚ್ಚಳ ಮುಚ್ಚಿದರೆ ಆಯಿತು. ಮಗುಚಿ ಹಾಕುವ ಕೆಲಸವಿಲ್ಲ.

ಚುಂಯ್ ಅಂದೆ ಅಲ್ವಾ? ವಿಯೆಟ್ನಾಮಿನಲ್ಲಿ ಆ ಸದ್ದೇ ತಿಂಡಿಯ ಹೆಸರು. ಬಾನ್ ಸೆಯೋ. ನಮಗೆ ಚುಂಯ್ ಅಂತ ಕೇಳಿಸುವುದು ಅವರಿಗೆ ಸೆಯೋ. ಅದೂ ಅಕ್ಕಿ ಹಿಟ್ಟಿನದೇ. ಬಣ್ಣಕ್ಕೆ ಅರಿಶಿನ, ದಕ್ಷಿಣದ ಕಡೆ ತೆಂಗಿನಹಾಲೂ ಇರುತ್ತದೆ. ಒಳಗೆ ಸಿಗಡಿ, ಹಂದಿಮಾಂಸ, ಮೊಳಕೆ ತುಂಬಿ, ಹಸಿ ಸೊಪ್ಪಿನಲ್ಲಿ ಸುತ್ತಿ ತಿನ್ನುತ್ತಾರೆ.

ಮೊರಾಕೊದ ಬಗ್ರೀರ್ ಇನ್ನೊಂದು. ಸಣ್ಣ ರವೆ, ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟು. ಸಾವಿರ ತೂತಿನದು ಅಂತಲೇ ಅದಕ್ಕೆ ಹೆಸರು. ಅದನ್ನೂ ಒಂದೇ ಬದಿ ಬೇಯಿಸುತ್ತಾರೆ. ಬೆಣ್ಣೆ, ಜೇನು ಬಿಸಿಮಾಡಿ ಮೇಲೆ ಸುರಿದರೆ ತೂತುಗಳೆಲ್ಲ ಅದನ್ನು ಕುಡಿದುಬಿಡುತ್ತವೆ.

ಆದರೆ ತೂತಿನ ಬೆಲೆಯನ್ನು ಚೆನ್ನಾಗಿ ಅರಿತವರು ಇಥಿಯೋಪಿಯಾದವರು ಅಂತ ನನಗನ್ನಿಸುತ್ತದೆ. ಅವರ ದೋಸೆ ಇಂಜೆರಾ. ಅದಕ್ಕೆ ಟೆಫ್ ಅನ್ನುವ ಧಾನ್ಯ ಬೇಕು, ಕಾಳು ನಮ್ಮ ರಾಗಿಗಿಂತಲೂ ಸಣ್ಣದು. ಹಿಂದಿನ ಸಲದ ಹುಳಿನೀರನ್ನು ಎತ್ತಿಟ್ಟುಕೊಂಡಿರುತ್ತಾರೆ, ಅದಕ್ಕೆ ಎರ್ಶೊ ಅಂತ ಹೆಸರು. ಅದನ್ನು ಬೆರೆಸಿ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸುತ್ತಾರೆ. ಮಿತಾದ್ ಅನ್ನುವ ಅಗಲವಾದ ಮಣ್ಣಿನ ಕಾವಲಿಯ ಮೇಲೆ, ನಮ್ಮ ನೀರುದೋಸೆಯ ಹಾಗೆಯೇ, ಅಂಚಿನಿಂದ ಸುತ್ತುತ್ತಾ ನಡುವಿಗೆ ಎರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲೆಲ್ಲ ತೂತು ಏಳುತ್ತದೆ. ನೀರುದೋಸೆಯಲ್ಲಿ ತೂತು ಕೊರೆಯುವುದು ಆವಿ, ಇಲ್ಲಿ ಜಾಸ್ತಿ ಕೆಲಸ ಹುಳಿಯ ಗಾಳಿಯದು. ಆ ತೂತಿಗೆ ಅವರು ಕಣ್ಣು ಅನ್ನುತ್ತಾರೆ. ನಾವು ಜರಡಿಯ ಕಣ್ಣು, ತೆಂಗಿನಕಾಯಿಯ ಕಣ್ಣು ಅನ್ನುವುದಿಲ್ಲವೇ, ಹಾಗೆ. ಕಣ್ಣು ತುಂಬ ಇದ್ದರೆ ಒಳ್ಳೆಯ ಇಂಜೆರಾ.

ಕಣ್ಣಿರುವ ಬದಿ ಮೇಲೆ ಬರುವಂತೆ ದೊಡ್ಡ ತಟ್ಟೆಗೆ ಹಾಸಿ, ಅದರ ಮೇಲೆಯೇ ಖಾರದ ಪಲ್ಯ, ಬೇಳೆ, ಮಾಂಸದ ಗೊಜ್ಜು ಬಡಿಸುತ್ತಾರೆ. ಮನೆಯವರೆಲ್ಲ ಸುತ್ತ ಕೂತು ಅಂಚಿನಿಂದ ಹರಿದು ತಿನ್ನುತ್ತಾರೆ. ನಡುವೆ ಒಂದು ತುತ್ತು ಕಟ್ಟಿ ಪಕ್ಕದವರ ಬಾಯಿಗೆ ಇಡುತ್ತಾರೆ. ಗುರ್ಶಾ ಅಂತ ಅದಕ್ಕೆ ಹೆಸರು, ನಮ್ಮ ಕೈತುತ್ತೇ. ಗೊಜ್ಜೆಲ್ಲ ಮುಗಿದ ಮೇಲೆ ತಳದ ಇಂಜೆರಾ ಉಳಿಯುತ್ತದೆ. ಅಷ್ಟು ಹೊತ್ತು ಅದರ ಕಣ್ಣುಗಳಿಗೆ ಇಳಿದ ಖಾರ, ತುಪ್ಪ ಎಲ್ಲ ಆ ತುಂಡಿನಲ್ಲೇ ಇರುತ್ತದೆ. ಅದನ್ನು ಕೊನೆಗೆ ಹಂಚಿಕೊಂಡು ತಿನ್ನುತ್ತಾರೆ.

ನಮಸ್ಕಾರ.