ಎಂಟನೇ ಕ್ಲಾಸಿಗೊಬ್ಬ ಅಣ್ಣ, ಒಬ್ಬಳು ಅಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆ ಶುರುವಾದ ಮೊದಲ ವಾರ ಯಾವುದಾದರೂ ಹಳ್ಳಿ ಕಡೆಯ ಹೈಸ್ಕೂಲಿನ ಗೇಟಿನ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಕ್ಕಳು ಯಾರು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಯೂನಿಫಾರ್ಮ್ ಒಂದು ಸೈಜು ದೊಡ್ಡದು. "ಬೆಳೀತಾನೆ ಬಿಡು" ಅಂತ ಮನೆಯವರು ಹೊಲಿಸಿದ್ದು. ಬ್ಯಾಗು ಬೆನ್ನನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ, ಯಾಕೆಂದರೆ ಅದರಲ್ಲಿ ಎಲ್ಲಾ ಪುಸ್ತಕವೂ ಇದೆ. ಯಾವತ್ತು ಯಾವುದು ಬೇಕು ಅಂತ ಗೊತ್ತಿಲ್ಲವಲ್ಲ! ಒಂದೇ ಊರಿನ ನಾಲ್ಕು ಮಕ್ಕಳು ಗೋಡೆಗೆ ಒರಗಿಕೊಂಡು ನಿಂತಿರುತ್ತಾರೆ. ಗಂಟೆ ಹೊಡೆದರೆ ಒಳಗೆ ಹೋಗಬೇಕಾ, ಪ್ರಾರ್ಥನೆಗೆ ಸಾಲು ನಿಲ್ಲಬೇಕಾ ಅಂತ ಅವರವರಲ್ಲೇ ಪಿಸುಪಿಸು.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ನಮ್ಮ ಶಾಲೆಗಳ ಭಾಷೆಯಲ್ಲಿ ಹೇಳೋದಾದರೆ, ಸಿಬಿಝಡ್ ಟೀಚರ್. ಏಳನೇ ಕ್ಲಾಸಿನ ತನಕ ಮಕ್ಕಳಿಗೆ "ನಮ್ಮ ಮಿಸ್ಸು", "ನಮ್ಮ ಮೇಷ್ಟ್ರು" ಅಂತ ಒಬ್ಬರೋ ಇಬ್ಬರೋ ಇರುತ್ತಾರೆ. ಹೈಸ್ಕೂಲಿಗೆ ಬಂದರೆ ಪಿಸಿಎಂ ಸರ್, ಸಿಬಿಝಡ್ ಮಿಸ್, ಆರ್ಟ್ಸ್ ಸರ್, ಹಿಂದಿ ಮಿಸ್, ಪಿಟಿ ಸರ್. ಡಿಗ್ರಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ. ರಸಾಯನದ ಜೊತೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು ಅಂತ ನಮಗೆ ಯಾರಿಗೂ ಹೊಳೆದಿರಲೇ ಇಲ್ಲ. ಒಂದು ವರ್ಷ ಪೋಷಕರ ಸಭೆಗೆ ಬಂದ ಒಬ್ಬ ತಾಯಿ, "ಸಿಬಿಜೆಡ್ಡಮ್ಮ ಅಂದ್ರೆ ಯಾರವ್ವಾ?" ಅಂತ ನನ್ನನ್ನೇ ಕೇಳಿದರು. ಮಗಳು ಎರಡು ತಿಂಗಳು ಅದು ನನ್ನ ಹೆಸರು ಅಂತಲೇ ತಿಳಿದಿದ್ದಳು.

ನಗು ಬರುತ್ತದೆ, ನಿಜ. ಆದರೆ ಆ ಹುಡುಗಿ ಎರಡು ತಿಂಗಳು ಯಾರನ್ನೂ ಕೇಳಲಿಲ್ಲ, ನೋಡಿ. ಕೇಳೋಕೆ ಅವಳಿಗೆ ಯಾರೂ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಹೈಸ್ಕೂಲು ಅಂದರೆ ಎಂಟು, ಒಂಬತ್ತು, ಹತ್ತು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿನ ತನಕ ಪ್ರಾಥಮಿಕ ಹಂತ ಅನ್ನುತ್ತದೆ. ಆದರೂ ನಮ್ಮ ಎಷ್ಟೋ ಊರುಗಳಲ್ಲಿ ಶಾಲೆ ಏಳಕ್ಕೇ ಮುಗಿಯುತ್ತದೆ. ಹದಿಮೂರನೇ ವಯಸ್ಸಿಗೆ ಟಿ.ಸಿ. ಹಿಡಿದುಕೊಂಡು ಮಕ್ಕಳು ಬೇರೆ ಊರಿಗೆ ಹೋಗಬೇಕು. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ದು ಈ ದೂರದ ಕಾರಣಕ್ಕೇ. ಪಾಠದಲ್ಲಿ ಹಿಂದೆ ಬಿದ್ದವರಿಗೆ ವರ್ಷದ ಮೊದಲಲ್ಲಿ ಸೇತುಬಂಧ ಅಂತ ಮಾಡುತ್ತೇವೆ. ಹಿಂದಿನ ಕ್ಲಾಸಿನದ್ದನ್ನು ಒಂದು ಸಲ ತಿರುವಿ ಹಾಕಿಸುವ ಕಾರ್ಯಕ್ರಮ ಅದು, ಒಳ್ಳೆಯದೇ. ಆದರೆ ಎರಡು ನಲ್ಲಿಗಳಲ್ಲಿ ಯಾವುದರಲ್ಲಿ ನೀರು ಬರುತ್ತದೆ, ಊಟದ ಸಾಲಿನಲ್ಲಿ ಯಾರ ಪಕ್ಕ ಕೂರಬೇಕು, ಸಂಜೆ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಎಫ್.ಎ. ಒಂದು ಅನ್ನೋ ಕಿರುಪರೀಕ್ಷೆ ಅಂದರೆ ಏನು, ಅದರಲ್ಲಿ ಕಡಿಮೆ ಬಂದರೆ ಮನೆಗೆ ಕಳಿಸುತ್ತಾರಾ... ಇವಕ್ಕೆ ಯಾವ ಸೇತುಬಂಧವೂ ಇಲ್ಲ. ಮೇಷ್ಟರಿಗೆ ಇವೆಲ್ಲ ಪ್ರಶ್ನೆ ಅಂತಲೇ ಅನ್ನಿಸುವುದಿಲ್ಲ. ಹೋದ ವರ್ಷ ಇದೇ ಗೋಡೆಗೆ ಒರಗಿ ನಿಂತಿದ್ದ ಹುಡುಗನಿಗೆ ಮಾತ್ರ ಅವು ನೆನಪಿರುತ್ತವೆ.

ಇದು ನನಗೆ ತಿಳಿದದ್ದು ಒಂದು ಸಲ ಚೆನ್ನಾಗಿ ಎಡವಿದ ಮೇಲೆ.

ಹೊಸ ಮಕ್ಕಳಿಗೆ ಒಬ್ಬೊಬ್ಬ ಅಣ್ಣನನ್ನೋ ಅಕ್ಕನನ್ನೋ ಜೊತೆ ಮಾಡೋಣ ಅಂತ ಹೊರಟವಳು ನಾನೇ. ಹತ್ತನೇ ಕ್ಲಾಸಿನ ಮೊದಲ ಹತ್ತು ರ‍್ಯಾಂಕಿನವರನ್ನು ಆರಿಸಿದೆ. ಬುದ್ಧಿವಂತರು, ಶಿಸ್ತಿನ ಮಕ್ಕಳು. ಎದೆಗೆ ಒಂದು ಬ್ಯಾಡ್ಜೂ ಹಾಕಿಸಿದೆ. ಹದಿನೈದು ದಿನ ಕಳೆದು ನೋಡಿದರೆ, ಒಬ್ಬ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾನೆ. ಇನ್ನೊಬ್ಬಳು ಮಗ್ಗಿ ಒಪ್ಪಿಸದವರನ್ನು ಕೈ ಎತ್ತಿ ನಿಲ್ಲಿಸಿದ್ದಾಳೆ. ಮತ್ತೊಬ್ಬನ ನೀರಿನ ಬಾಟಲಿಯನ್ನು ಎಂಟನೆಯ ಹುಡುಗ ತುಂಬಿಸಿಕೊಂಡು ಬರುತ್ತಿದ್ದಾನೆ! ರ‍್ಯಾಗಿಂಗ್ ತಪ್ಪು ಅಂತ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಇದೆ. ಅದರ ಚಿಕ್ಕ ಸಸಿಯನ್ನು ನಾನೇ ಬ್ಯಾಡ್ಜು ಹಾಕಿ ನೆಟ್ಟಿದ್ದೆ. ಮಕ್ಕಳದ್ದೇನೂ ತಪ್ಪಿಲ್ಲ. ಅವರಿಗೆ ನಾನು ಕೊಟ್ಟಿದ್ದು ಸ್ನೇಹದ ಕೆಲಸ ಅಲ್ಲ, ನನ್ನ ಬೆತ್ತ. ಅಲ್ಲದೆ ಹತ್ತನೆಯವರ ತಲೆ ಮೇಲೆ ಎಸ್ಸೆಸ್ಸೆಲ್ಸಿಯ 625 ಅಂಕ ಕೂತಿರುತ್ತದೆ. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು. ಅವರಿಗೆ ಪುರುಸೊತ್ತಾದರೂ ಎಲ್ಲಿ?

ಮಾರನೇ ವರ್ಷ ಬ್ಯಾಡ್ಜು ಬಿಟ್ಟೆ, ರ‍್ಯಾಂಕೂ ಬಿಟ್ಟೆ. ಒಂಬತ್ತನೇ ಕ್ಲಾಸಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. "ಹೋದ ವರ್ಷ ಇದೇ ಹೊತ್ತಿಗೆ, ಶಾಲೆ ಬಿಟ್ಟುಬಿಡೋಣ ಅಂತ ಯಾರಿಗೆ ಅನ್ನಿಸಿತ್ತು?" ಮೊದಲು ಯಾರೂ ಕೈ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಕೈ ಅರ್ಧ ಮೇಲೆ ಬಂತು. ಆಮೇಲೆ ಹನ್ನೊಂದು ಕೈ.

ಆ ಅರ್ಧ ಎತ್ತಿದ ಕೈಯ ಹುಡುಗನ ಕಥೆ ಹೇಳುತ್ತೇನೆ, ಹೆಸರು ಬೇಡ. ಓದಿನಲ್ಲಿ ಅಷ್ಟಕ್ಕಷ್ಟೇ. ಎಂಟನೆಯಲ್ಲಿ ತಿಂಗಳುಗಟ್ಟಲೆ ಗೈರು. ಒಂದು ಮಧ್ಯಾಹ್ನ ಊಟ ಆದ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಮೆಟ್ಟಿಲ ಮೇಲೆ ಇಬ್ಬರು ಎಂಟನೆಯವರ ಜೊತೆ ಕೂತಿದ್ದ. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿದ್ದೆ. ಒಬ್ಬನ ಬ್ಯಾಗನ್ನು ತೆಗೆದುಕೊಂಡು ಪೂರ್ತಿ ಮೆಟ್ಟಿಲ ಮೇಲೆ ಸುರಿದ. ಪುಸ್ತಕ, ನೋಟುಬುಕ್ಕು, ಕಾಂಪಾಸ್ ಬಾಕ್ಸು, ಒಂದು ಮುರುಕು ಸ್ಕೇಲು, ಎರಡು ಹುಣಸೆಕಾಯಿ. "ಟೈಂಟೇಬಲ್ ಎಲ್ಲೈತೆ?" ಅಂದ. ಹುಡುಗನ ಹತ್ತಿರ ಇರಲಿಲ್ಲ. ತನ್ನ ಪೆನ್ನು ತೆಗೆದು ರಫ್ ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಗೆರೆ ಎಳೆದು ಕೊಟ್ಟ. ಆಮೇಲೆ ನಾಳೆಗೆ ಬೇಕಾದಷ್ಟನ್ನೇ ಒಳಗೆ ಜೋಡಿಸಿ, "ಮಿಕ್ಕಿದ್ದು ಮನೇಲಿ ಮಲಗಲಿ" ಅಂದ. ಹುಣಸೆಕಾಯಿ ಒಂದನ್ನು ತಾನು ಇಟ್ಟುಕೊಂಡ. ಫೀಸು ಅಂತ ಇರಬೇಕು.

ಆಮೇಲೆ ವಿಜ್ಞಾನದ ಪುಸ್ತಕ ತೆರೆದ. ನಾನು ಕಿವಿ ಚುರುಕು ಮಾಡಿದೆ. ಮೊದಲ ಪಾಠ 'ಬೆಳೆ ಉತ್ಪಾದನೆ ಮತ್ತು ನಿರ್ವಹಣೆ'. ಚಿತ್ರದ ಮೇಲೆ ಬೆರಳಿಟ್ಟು ಕೇಳಿದ:

"ಇದೇನಿದು?"

"ಕೂರಿಗೆ."

"ನಿಮ್ಮನೇಲಿ ಐತಾ?"

"ಐತೆ. ನಮ್ಮಪ್ಪ ಕಡ್ಲೆಕಾಯಿ ಬಿತ್ತೋದು ಅದ್ರಲ್ಲೇ."

"ಮತ್ತೆ ಯಾಕ್ಲಾ ಹೆದರ್ತೀಯ? ಮೊದಲನೇ ಪಾಠ ಪೂರ್ತಿ ನಿಮ್ಮ ಹೊಲದ್ದೇ."

ಹಾಳೆ ತಿರುವಿದ. "ಎರಡನೇದು ಸೂಕ್ಷ್ಮಜೀವಿ. ಇದು ಕಷ್ಟ. ಇದನ್ನ ಮಿಸ್ ಹತ್ರ ಕೇಳು, ನಂಗೂ ಬರಲ್ಲ."

ಆ ಪಾಠವನ್ನು ನಾನು ವರ್ಷ ವರ್ಷ ಮಾಡಿದ್ದೆ. ಕೂರಿಗೆ ಯಾರ ಮನೆಯಲ್ಲಿದೆ ಅಂತ ಒಂದು ಸಲವೂ ಕೇಳಿರಲಿಲ್ಲ. ಅದಕ್ಕಿಂತ ಜಾಸ್ತಿ ನಾಟಿದ್ದು ಅವನ ಕೊನೆಯ ಮಾತು. "ನಂಗೂ ಬರಲ್ಲ." ನನ್ನ ಬ್ಯಾಡ್ಜಿನ ಮಕ್ಕಳು ಯಾರೂ ಈ ಮಾತು ಹೇಳಿರಲಿಲ್ಲ. ಒಂಬತ್ತನೆಯ ಅಣ್ಣನಿಗೇ ಬರದ ಪಾಠ ಇದೆ, ಆದರೂ ಅವನು ದಿನಾ ಶಾಲೆಗೆ ಬರುತ್ತಿದ್ದಾನೆ ಅಂದಮೇಲೆ ಎಂಟನೆಯವನ ಎದೆ ಮೇಲಿನ ಕಲ್ಲು ಅಷ್ಟು ಹಗುರ ಅಲ್ವಾ?

ಹೆಣ್ಣುಮಕ್ಕಳ ವಿಷಯ ಇನ್ನೂ ಬೇರೆ. ಒಬ್ಬಳು ಪ್ರತಿ ತಿಂಗಳೂ ಮೂರು ದಿನ ಬರುತ್ತಿರಲಿಲ್ಲ. ಕಾರಣ ನಮಗೂ ಅಂದಾಜಿತ್ತು, ಆರೋಗ್ಯದ ಬಗ್ಗೆ ಒಂದು ಪೀರಿಯಡ್ ಉಪನ್ಯಾಸವೂ ಕೊಟ್ಟಿದ್ದೆವು. ಅವಳು ಬರಲಿಲ್ಲ. ಜೊತೆ ಮಾಡಿದ್ದ ಒಂಬತ್ತನೆಯ ಹುಡುಗಿ ಒಂದು ವಾರದಲ್ಲಿ ವಿಷಯ ತಂದಳು. "ಮಿಸ್, ಕೊನೇ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಬಾಗಿಲು ಹಿಡ್ಕೊಳ್ಳೋಕೆ ಅವಳಿಗೆ ಯಾರೂ ಫ್ರೆಂಡ್ಸ್ ಇಲ್ಲ." ಅಷ್ಟೇ! ಅರ್ಜಿ, ಅನುದಾನ ಅಂತ ಕಾಯದೆ ಅವತ್ತೇ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತರಿಸಿ ಹಾಕಿಸಿದೆವು. ಒಂದು ಬಾಗಿಲಿನ ಚಿಲಕ ಹಾಜರಿ ಪುಸ್ತಕಕ್ಕೆ ಮಾಡಿದಷ್ಟು ಉಪಕಾರವನ್ನು ನನ್ನ ಉಪನ್ಯಾಸ ಮಾಡಲಿಲ್ಲ ಅಂತ ಒಪ್ಪಿಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ.

ಇದು ಹೊಸ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕೂಲಿಮಠಗಳಲ್ಲಿ ದೊಡ್ಡ ಹುಡುಗರೇ ಚಿಕ್ಕವರ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ದಕ್ಷಿಣದಲ್ಲೆಲ್ಲ ಹೀಗೇ ಇತ್ತು. 1789ರಲ್ಲಿ ಮದ್ರಾಸಿನ ಎಗ್ಮೂರಿನ ಒಂದು ಅನಾಥ ಮಕ್ಕಳ ಶಾಲೆಗೆ ಮುಖ್ಯಸ್ಥರಾಗಿ ಬಂದ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್, ಮಕ್ಕಳು ಹೀಗೆ ಮರಳಲ್ಲಿ ಬರೆಯುವುದನ್ನು ನೋಡಿ ತಮ್ಮ ಶಾಲೆಗೆ ತಂದರು. ಮಕ್ಕಳಿಂದಲೇ ಮಕ್ಕಳಿಗೆ ಹೇಳಿಕೊಡಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಅಂತಲೇ ಹೆಸರು. ಆದರೆ ಅಲ್ಲಿ ಅದು ಹರಡಿದ್ದು ಮುಖ್ಯವಾಗಿ ಒಂದು ಕಾರಣಕ್ಕೆ. ಒಬ್ಬ ಮೇಷ್ಟರ ಸಂಬಳದಲ್ಲಿ ನೂರಾರು ಮಕ್ಕಳನ್ನು ನಿಭಾಯಿಸಬಹುದು, ಅಗ್ಗ!

ಈ ಆಸೆ ನಮ್ಮಲ್ಲೂ ಇದೆ, ಅದಕ್ಕೇ ಹೇಳಿದೆ. ಗಣಿತದ ಹುದ್ದೆ ಖಾಲಿ ಇದ್ದ ವರ್ಷ ಹತ್ತನೆಯವನನ್ನು ಎಂಟಕ್ಕೆ ಕಳಿಸಿ "ಸುಮ್ನೆ ಲೆಕ್ಕ ಮಾಡಿಸು ಹೋಗಪ್ಪ" ಅಂದದ್ದು ನಮ್ಮ ಶಾಲೆಯಲ್ಲೂ ಉಂಟು. ಅದು ತಪ್ಪು. ಅಣ್ಣ ಅಣ್ಣನೇ, ಮೇಷ್ಟರ ಬದಲಿಗೆ ಬಂದವನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಮಕ್ಕಳು ಮಕ್ಕಳಿಗೆ ಕಲಿಸುವುದು ಇಷ್ಟಪಟ್ಟು ಮಾಡುವಂಥದ್ದಾಗಿರಬೇಕು, ಶಿಕ್ಷಕರ ಕಣ್ಣಳತೆಯಲ್ಲಿ ಇರಬೇಕು, ಮಕ್ಕಳ ಸುರಕ್ಷತೆ ನೋಡಿಕೊಳ್ಳಬೇಕು ಅನ್ನುತ್ತದೆ. ನಾವು ಮಾಡಿಕೊಂಡ ಕಟ್ಟುಪಾಡುಗಳೂ ಅಷ್ಟೇ ಸಣ್ಣವು. ಕೂರುವುದು ಎಲ್ಲರಿಗೂ ಕಾಣುವ ಮೆಟ್ಟಿಲ ಮೇಲೆ, ಬಾಗಿಲು ಹಾಕಿದ ಕೋಣೆಯಲ್ಲಿ ಅಲ್ಲ. ದುಡ್ಡಿನ ವ್ಯವಹಾರ ಇಲ್ಲ, ಹೋಂವರ್ಕ್ ಬರೆದುಕೊಡುವುದೂ ಇಲ್ಲ. ಇನ್ನೊಂದನ್ನು ಮಾತ್ರ ನಾನು ಮೂರು ಮೂರು ಸಲ ಹೇಳುತ್ತಿದ್ದೆ. ಚಿಕ್ಕವರು ಮನೆಯಲ್ಲಿ ಹೊಡೆಯುತ್ತಾರೆ, ಯಾರೋ ಮೈ ಮುಟ್ಟುತ್ತಾರೆ ಅಂತ ಹೇಳಿಕೊಂಡರೆ "ಯಾರಿಗೂ ಹೇಳಲ್ಲ" ಅಂತ ಆಣೆ ಮಾಡಬೇಡಿ, ನೇರ ನಮ್ಮ ಹತ್ತಿರ ಬನ್ನಿ. ಮಕ್ಕಳ ಸಹಾಯವಾಣಿ 1098 ಅನ್ನು ನೋಟಿಸ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೆವು.

ಎಲ್ಲವೂ ಹೂವಿನ ಹಾಗೆ ನಡೆಯಿತು ಅಂತ ಹೇಳಲಾರೆ. ಒಂದು ಜೋಡಿ ಕ್ರಿಕೆಟ್ ಬಾಲಿನ ಜಗಳಕ್ಕೆ ಮೂರನೇ ದಿನವೇ ಮುರಿದುಬಿತ್ತು. ಒಬ್ಬ ಹುಡುಗಿ ಡಿಸೆಂಬರ್‌ನಲ್ಲಿ ಶಾಲೆ ಬಿಟ್ಟಳು. ಮಳೆ ಕೈಕೊಟ್ಟ ವರ್ಷ, ಮನೆಯವರು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟರು, ಅವಳೂ ಹೋದಳು. ಅವಳ ಜೊತೆಗಿದ್ದ ಅಕ್ಕ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ನಾನು ಸರಿಯಾಗಿ ನೋಡ್ಕೊಳ್ಲಿಲ್ವಾ ಮಿಸ್?" ಅಂತ ಅತ್ತಳು. ದೊಡ್ಡವರು ನಿಲ್ಲಿಸಲಾಗದ್ದನ್ನು ನೀನು ಹೇಗೆ ನಿಲ್ಲಿಸ್ತೀಯಮ್ಮ ಅಂತ ಅವಳಿಗೆ ಹೇಳಬೇಕಾಯಿತು. ಆ ಮಾತನ್ನು ಮೊದಲ ದಿನವೇ ಹೇಳಿರಬೇಕಿತ್ತು. ಹದಿನಾಲ್ಕು ವರ್ಷದ ಹೆಗಲಿಗೆ ಎಷ್ಟು ಹೊರಿಸಬಹುದು ಅನ್ನೋದನ್ನು ನಾವೇ ಅಳೆಯಬೇಕು.

ಇನ್ನು ಆ ಮೆಟ್ಟಿಲ ಮೇಲಿನ ಹುಡುಗ ಓದಿನಲ್ಲಿ ಮಿಂಚಿದನಾ ಅಂತ ಕೇಳಿದರೆ, ಇಲ್ಲ. ಆದರೆ ಗೈರಾಗುವುದು ನಿಂತಿತು. ಯಾಕಪ್ಪಾ ಅಂದರೆ "ಆ ನನ್ಮಗ ಬಸ್‌ಸ್ಟಾಪಲ್ಲಿ ಕಾಯ್ತಾ ಇರ್ತಾನೆ ಮಿಸ್" ಅಂದ.

ವರ್ಷದ ಕೊನೆಗೆ ಎಂಟನೆಯವರೇ ಸೇರಿ, ಮುಂದೆ ಬರುವವರಿಗೆ ಅಂತ ಒಂದು ಡ್ರಾಯಿಂಗ್ ಶೀಟಿನ ಮೇಲೆ ಬರೆದು ಕ್ಲಾಸಿನ ಬಾಗಿಲಿಗೆ ಅಂಟಿಸಿದರು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ, ತಪ್ಪು ಕಾಗುಣಿತವನ್ನೂ ನಾನು ತಿದ್ದಲಿಲ್ಲ. ಅದರ ಮೊದಲ ಸಾಲು, "ಎಡಗಡೆ ನಲ್ಲಿಯಲ್ಲಿ ಮಾತ್ರ ನೀರು ಬರುತ್ತೆ." ಎರಡನೆಯದು, "ಹಿಂದಿ ಮಿಸ್ ಬೈದರೂ ಸಂಜೆಗೆ ಮರೆತುಬಿಡ್ತಾರೆ." ಮೂರನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. "ಸಿಬಿಝಡ್ ಅನ್ನೋದು ಮಿಸ್ ಹೆಸರಲ್ಲ."

ನಮಸ್ಕಾರ.