ಬಚ್ಚಲೊಲೆಯ ಹೊಗೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಶುರುವಾಗುವ ಹೊತ್ತು. ತೋಟದ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ಬಂದಿದ್ದೀರಿ, ಸಂತೋಷ. ಪ್ರತಿ ವರ್ಷ ನವೆಂಬರ್‌ನ ಮೂರನೇ ಬುಧವಾರ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆಯ ದಿನ. ಅವತ್ತು ಎಲ್ಲರೂ ಬೀಡಿ, ಸಿಗರೇಟಿನ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು. ಆದರೆ ನನಗೆ ಬಚ್ಚಲೊಲೆಯ ಬಗ್ಗೆ ಹೇಳುವುದಿದೆ.

ಮೂಡಿಗೆರೆ ಕಡೆಯ ಒಬ್ಬ ಅಜ್ಜಿ. ಐಸಿಯುಗೆ ಬಂದಾಗ ಎರಡು ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ, ಒತ್ತಡದಲ್ಲಿ ಗಾಳಿ ಕೊಡುವ ಬೈಪ್ಯಾಪ್ ಯಂತ್ರ ಹಾಕಿದೆವು. ಮೂರನೇ ದಿನ ಎದ್ದು ಕೂತು ಗಂಜಿ ಕೇಳಿದರು. ಕೆಲವು ವಾರ ಬಿಟ್ಟು ಸ್ಪೈರೋಮೆಟ್ರಿಗೆ, ಅಂದರೆ ಊದಿಸಿ ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಪರೀಕ್ಷೆಗೆ ಕರೆಸಿದೆ. ಕೊಳವೆ ಕೊಟ್ಟು, "ಅಜ್ಜಿ, ಉಸಿರು ತುಂಬಾ ಎಳೆದು ಜೋರಾಗಿ ಊದಿ" ಅಂದೆ. ನಕ್ಕುಬಿಟ್ಟರು. "ನಲವತ್ತು ವರ್ಷ ಊದುಗೊಳವೆ ಹಿಡಿದೋಳಿಗೆ ಊದೋದು ಹೇಳ್ಕೊಡ್ತೀರಾ ಡಾಕ್ಟ್ರೇ?"

ಊದಿದರು. ಶ್ವಾಸನಾಳ ಚೆನ್ನಾಗಿದ್ದರೆ ಊದುವ ಗಾಳಿಯಲ್ಲಿ ನೂರಕ್ಕೆ 70 ಪಾಲಿಗಿಂತ ಜಾಸ್ತಿ ಮೊದಲ ಸೆಕೆಂಡಿನಲ್ಲೇ ಹೊರಗೆ ಬರುತ್ತದೆ. ಅಜ್ಜಿಗೆ ಅರ್ಧವೂ ಬರಲಿಲ್ಲ.

ಅವರು ಬೀಡಿ ಮುಟ್ಟಿದವರೇ ಅಲ್ಲ. ಹಳೆಯ ಚೀಟಿಗಳಲ್ಲೆಲ್ಲ 'ಧೂಮಪಾನ ಇಲ್ಲ' ಎಂದೇ ಇತ್ತು. ನಿಮ್ಮ ಮನೆ ಒಲೆ ಯಾವುದು ಅಂತ ಒಬ್ಬರೂ ಕೇಳಿರಲಿಲ್ಲ. ಮೊದಲ ಕೆಲವು ವರ್ಷ ನಾನೂ ಕೇಳುತ್ತಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಯೋಚನೆ ಮಾಡಿ. ಒಲೆ ಊದಿದ ಮೇಲೆ ಮತ್ತೆ ಉಸಿರು ಎಳೆಯಬೇಕು, ಅಲ್ವಾ? ಒಲೆ ಮುಂದೆ ಬಗ್ಗಿ ಎಳೆಯುವುದು ಹೊಗೆಯನ್ನೇ. ಅದರಲ್ಲಿರುವ ಹೆಚ್ಚಿನ ಕಣಗಳು 2.5 ಮೈಕ್ರಾನ್‌ಗಿಂತ ಸಣ್ಣವು. ತಲೆಗೂದಲು ಅದಕ್ಕಿಂತ ಸುಮಾರು 30 ಪಟ್ಟು ದಪ್ಪ. ಅಂಥ ಕಣ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ.

"ನಮ್ಮಲ್ಲಿ ಗ್ಯಾಸ್ ಇದೆ" ಅಂತೀರಿ. ಅಡುಗೆಮನೆಯಲ್ಲಿದೆ. ಬಚ್ಚಲಲ್ಲಿ? ಮಳೆಗಾಲದಲ್ಲಿ ಹಂಡೆಯ ಕೆಳಗೆ ಹಸಿ ಸಿಲ್ವರ್ ಓಕ್ ಮರದ ರೆಂಬೆ, ಕಾಫಿ ಕಡ್ಡಿ ತುರುಕಿ, ಬಾಗಿಲು ಮುಚ್ಚಿ ಊದುವವರು ಯಾರು? ಮನೆಯ ಹೆಂಗಸರೇ. ದಯವಿಟ್ಟು ಸೌದೆ ಒಣಗಿಸಿಡಿ. ಒಲೆಯ ಬಾಯಿ ಹೊರಗೋಡೆಗೆ ತಿರುಗಿಸಿ, ಹೊಗೆಕೊಳವೆ ಮನೆಯ ಮಾಡು ದಾಟಿಸಿ. ಸೋಲಾರ್ ಹಾಕಿಸಲು ಆದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಿಡದಿದ್ದರೆ, ಡಾಕ್ಟರ್ ಕೇಳದಿದ್ದರೂ ಒಲೆಯ ವಿಷಯ ನೀವೇ ಹೇಳಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇನ್ಹೇಲರ್ ಬಗ್ಗೆ ಒಂದೇ ಮಾತು. ಅದು ಕೊನೆಗಾಲದ ಔಷಧಿಯಲ್ಲ. ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ, ಇನ್ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿ 40 ಪಫ್‌ನ ಔಷಧಿ ಇದೆ. ಯಾವುದಕ್ಕೆ ಹೆದರಬೇಕು ನೀವೇ ಹೇಳಿ. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರು ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ಸುಮ್ನೆ ತಿರುಗಿಸಬೇಡಿ. ಈ ಕಾಯಿಲೆಯಲ್ಲಿ ಅದೂ ಅಪಾಯವೇ.

ಹೊರಗೆ ಜಗಲಿಯಲ್ಲಿ ಊದುವ ಯಂತ್ರ ಇಟ್ಟಿದ್ದೇವೆ. ಒಲೆ ಊದಿದವರು ಮೊದಲು ಬನ್ನಿ. ಊಟಕ್ಕೆ ಮುಂಚೆಯೇ ಬನ್ನಿ, ಹೊಟ್ಟೆ ತುಂಬಿದ್ದರೆ ಪೂರ್ತಿ ಊದಲು ಆಗುವುದಿಲ್ಲ.